ಬೋರ್ಡೋ ವೈನಿನ ಅಕ್ಕಡಿ ಲೆಕ್ಕ: ವೈನ್ ದ್ರಾಕ್ಷಿ ಹಚ್ಚುವ ಮುನ್ನ ಇಷ್ಟು ತಿಳಿದಿರಲಿ



ಹೋದ ವಾರ ಕುಷ್ಟಗಿ ಕಡೆಯ ಒಬ್ಬ ತಮ್ಮ ವಾಟ್ಸಾಪ್‌ನಲ್ಲಿ ಕೇಳಿದ: "ಅಣ್ಣಾ, ನಮ್ಮ ಜಿಲ್ಲೆಯಾಗ ಬೆಳೆದ ದ್ರಾಕ್ಷಿಯ ವೈನು ದೊಡ್ಡ ದೊಡ್ಡ ಹೋಟೆಲಿನಾಗ ಸಾವಿರಾರು ರೂಪಾಯಿಗೆ ಮಾರ್ತೈತಂತ. ನಮ್ಮ ನಾಲ್ಕು ಎಕರೆ ಮಸಾರಿ ಹೊಲದಾಗ ನಾನೂ ಹಚ್ಚಲೇನು?"

ಹೌದು ಅಂತಲೂ ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ವೈನು ಕುಡಿಯೋದು ಬಿಡೋದು ಅವರವರಿಗೆ ಬಿಟ್ಟದ್ದು. ಇವತ್ತಿನ ಮಾತು ಬೆಳೆಯ ಲೆಕ್ಕದ್ದು.

ನಮ್ಮ ಮಗ್ಗುಲಲ್ಲೇ ಇರುವ ತೋಟ

ಅವನು ಕೇಳಿದ್ದು ನಮ್ಮ ಕೊಪ್ಪಳ ಜಿಲ್ಲೆಯ ಕೃಷ್ಮಾ ಎಸ್ಟೇಟ್ಸ್ ಬಗ್ಗೆ. ಹೈದರಾಬಾದಿನ ಔಷಧ ಉದ್ಯಮಿ ಕೃಷ್ಣ ಪ್ರಸಾದ್ ಚಿಗುರುಪಾಟಿ ಮತ್ತು ಅವರ ಪತ್ನಿ ಉಮಾ ಕಟ್ಟಿದ ತೋಟ ಅದು. ಹಂಪಿ ಹಿಲ್ಸ್ ಅಂತ ಕರೀತಾರೆ. ಕ್ಯಾಬರ್ನೆ ಸೋವಿನ್ಯೋನ್, ಸ್ಯಾಂಜೊವೇಸೆ, ಸೋವಿನ್ಯೋನ್ ಬ್ಲಾಂ ತರಹದ ವೈನ್ ತಳಿಗಳನ್ನು ಅಲ್ಲಿ ಬೆಳೆಯುತ್ತಾರೆ. ಮುಖ್ಯ ಸಂಗತಿ ಏನಂದ್ರೆ, ಅವರು ವೈನು ಮಾಡುವುದು ತಮ್ಮದೇ ತೋಟದ ಹಣ್ಣಿನಿಂದ. ಬೆಳೆಯೂ ಅವರದೇ, ಸಂಸ್ಕರಣೆಯೂ ಅವರದೇ, ಲೇಬಲ್ಲೂ ಅವರದೇ. ಈ ಮಾತು ನೆನಪಿನಲ್ಲಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಅವರ ಹೆಸರುವಾಸಿ ಕೆಂಪು ವೈನು ಕ್ಯಾಬರ್ನೆ ಸೋವಿನ್ಯೋನ್. ಈ ತಳಿಯ ತವರು ಫ್ರಾನ್ಸಿನ ಬೋರ್ಡೋ.

ಬೋರ್ಡೋ ನಮಗೆ ಹೊಸದಲ್ಲ

ಹೆಸರು ಎಲ್ಲೋ ಕೇಳಿದಂಗೈತಿ ಅನಿಸಿತೇ? ಮೈಲುತುತ್ತ, ಸುಣ್ಣ ಕೂಡಿಸಿ ದಾಳಿಂಬೆಗೆ ಹೊಡೀತೀವಲ್ಲ, ಆ ಬೋರ್ಡೋ ದ್ರಾವಣ ಹುಟ್ಟಿದ್ದು ಅಲ್ಲೇ. ಅಲ್ಲಿನ ರೈತರು ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳಬಾರದೆಂದು ಮೈಲುತುತ್ತ-ಸುಣ್ಣ ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗಳಿಗೆ ಬೂಜು ತುಪ್ಪಟ ರೋಗ ಬಂದಿಲ್ಲ ಅನ್ನೋದನ್ನು 1882ರಲ್ಲಿ ಮಿಯಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿದ. ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ನಾವು ಇವತ್ತಿಗೂ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಅಂತ ಅದೇ ದಾರಿಯಲ್ಲಿದ್ದೇವೆ.

ಬೋರ್ಡೋದಿಂದ ಕಲಿಯಬೇಕಾದ ಎರಡನೇ ಪಾಠವೂ ಒಂದಿದೆ. ಅದರ ಬಗ್ಗೆ ನಾವು ಹೆಚ್ಚು ಕೇಳಿಲ್ಲ.

ಒಂದೇ ಬಾಟಲಿ, ಹಲವು ತಳಿ

ಬೋರ್ಡೋದ ಕೆಂಪು ವೈನು ಸಾಮಾನ್ಯವಾಗಿ ಒಂದೇ ತಳಿಯದ್ದಲ್ಲ. ಕ್ಯಾಬರ್ನೆ ಸೋವಿನ್ಯೋನ್, ಮೆರ್ಲೋ, ಕ್ಯಾಬರ್ನೆ ಫ್ರಾಂ ಮುಖ್ಯವಾದವು. ಪೆಟಿ ವೆರ್ಡೋ, ಮಾಲ್ಬೆಕ್ ಸ್ವಲ್ಪ ಸ್ವಲ್ಪ ಸೇರುತ್ತವೆ. 1855ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕಾಗಿ ಮಾಡಿದ ದರ್ಜೆ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿ ನಿಂತ ಲಾಫಿಟ್, ಲಾಟೂರ್, ಮಾರ್ಗೋ ಮನೆತನಗಳ ಕೆಂಪು ವೈನುಗಳೂ ಇಂಥ ಮಿಶ್ರಣಗಳೇ.

ಯಾಕೆ ಕೂಡಿಸುತ್ತಾರೆ? ರುಚಿಗೆ ಅನ್ನೋದು ಅರ್ಧ ಉತ್ತರ. ಇನ್ನರ್ಧ ಹವಾಮಾನದಲ್ಲಿದೆ. ಮೆರ್ಲೋ ಬೇಗ ಚಿಗುರಿ ಬೇಗ ಹಣ್ಣಾಗುತ್ತದೆ. ಹಾಗಾಗಿ ವಸಂತದ ಹಿಮ ಬಿದ್ದರೆ ಅದಕ್ಕೇ ಹೆಚ್ಚು ಪೆಟ್ಟು. ಕ್ಯಾಬರ್ನೆ ಸೋವಿನ್ಯೋನ್ ತಡವಾಗಿ ಚಿಗುರುತ್ತದೆ, ತಡವಾಗಿ ಹಣ್ಣಾಗುತ್ತದೆ. ಅದಕ್ಕೆ ಸುಗ್ಗಿ ಹೊತ್ತಿನ ಮಳೆಯ ಭಯ. ಒಂದು ಕೈಕೊಟ್ಟ ವರ್ಷ ಇನ್ನೊಂದು ಹಿಡಿಯುತ್ತದೆ. ಮಣ್ಣೂ ಹಾಗೇ: ಜಿರೋಂದ್ ನದಿಯ ಎಡದಂಡೆಯ ಉರುಟುಕಲ್ಲಿನ ಗರಸು ನೆಲದಲ್ಲಿ ಕ್ಯಾಬರ್ನೆ ಹೆಚ್ಚು, ಬಲದಂಡೆಯ ಜೇಡಿ ನೆಲದಲ್ಲಿ ಮೆರ್ಲೋ ಹೆಚ್ಚು. ಪ್ರತಿ ತಳಿಯ, ಪ್ರತಿ ತುಂಡಿನ ಹಣ್ಣನ್ನು ಬೇರೆ ಬೇರೆ ಹುದುಗಿಸಿ, ಆಮೇಲೆ ರುಚಿ ನೋಡಿ ಈ ವರ್ಷ ಯಾವುದು ಎಷ್ಟು ಅಂತ ತೀರ್ಮಾನಿಸುತ್ತಾರೆ. ಪಾಲು ವರ್ಷ ವರ್ಷವೂ ಬದಲಾಗುತ್ತದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮಜ್ಜನ ಯಲಬುರ್ಗಾದ ಹೊಲ. ಸಜ್ಜೆ ನಡುವೆ ತೊಗರಿ ಅಕ್ಕಡಿ, ಅಂಚಿಗೆ ಪುಂಡಿ. ಮುಂಗಾರು ಕೈಕೊಟ್ಟರೆ ತೊಗರಿ, ಹಿಂಗಾರು ಕೈಕೊಟ್ಟರೆ ಸಜ್ಜೆ. ಬೋರ್ಡೋದವರು ಬಾಟಲಿಯಲ್ಲಿ ಮಾಡಿದ್ದು ಅಕ್ಕಡಿಯನ್ನೇ.

ಕರ್ನಾಟಕದಲ್ಲೂ ಇದರ ಮಾದರಿ ಇದೆ. ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಕಂಪನಿ ಬೋರ್ಡೋದ ತಜ್ಞ ಮಿಷೆಲ್ ರೋಲಾಂ ಅವರ ಸಲಹೆ ಪಡೆದು ಲಾ ರಿಸರ್ವ್ ಎಂಬ ಕೆಂಪು ವೈನು ಮಾಡಿತು. ಅದರಲ್ಲಿ ಕ್ಯಾಬರ್ನೆ ಜೊತೆ ಕೂಡಿದ್ದು ಮೆರ್ಲೋ ಅಲ್ಲ, ಶಿರಾಜ್. ಅದು ಬೋರ್ಡೋದ ತಳಿಯೇ ಅಲ್ಲ. ತತ್ವವನ್ನು ಅಲ್ಲಿಂದ ತಂದು, ಬಳ್ಳಿಯನ್ನು ಇಲ್ಲಿಗೆ ಒಗ್ಗುವಂಥದ್ದು ಆರಿಸಿಕೊಂಡರು. ಕಲಿಯೋದಾದ್ರೆ ಹೀಗೆ ಕಲೀಬೇಕು.

ನಮ್ಮ ನೆಲದಲ್ಲಿ ಏನು ಬೇರೆ?

1. ಚಾಟ್ನಿ: ಬೋರ್ಡೋದಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಮಲಗುವುದಿಲ್ಲ. ಅದಕ್ಕೇ ವಿಜಯಪುರ, ಬಾಗಲಕೋಟೆ ಕಡೆಯಂತೆ ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲು ಒಂದು ಚಾಟ್ನಿ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ ಇನ್ನೊಂದು. ಕೊಯ್ಲು ಫೆಬ್ರವರಿ-ಮಾರ್ಚ್ ಸುಮಾರಿಗೆ. ಒಣ ಹವೆಯಲ್ಲಿ ಹಣ್ಣಾಗುವುದೇ ನಮ್ಮ ಭಾಗದ ದೊಡ್ಡ ಅನುಕೂಲ.

2. ಬೇರು ಗಿಡ: ಸ್ವಂತ ಬೇರಿನ ಬಳ್ಳಿ ಬೇಡ. ಉಪ್ಪು-ಬರ ತಡೆಯಲು ಡಾಗ್‌ರಿಡ್ಜ್ ಅಥವಾ 110ಆರ್ ಮೇಲೆ ಕಸಿ ಮಾಡಿದ್ದೇ ಇರಲಿ. ಗಂಗಾವತಿ ಕಾಲುವೆ ಭಾಗದ ನೀರು ನಿಲ್ಲುವ ಗದ್ದೆಯಲ್ಲಿ ದ್ರಾಕ್ಷಿಯ ಆಸೆಯೇ ಬೇಡ. ನೀರು ಬಸಿದುಹೋಗುವ ಮಸಾರಿ, ಗರಸು ನೆಲ ಆದೀತು. ಮಣ್ಣು, ನೀರು ಎರಡನ್ನೂ ಮೊದಲು ಪರೀಕ್ಷೆ ಮಾಡಿಸಿ.

3. ಇಳುವರಿ: ಇಲ್ಲಿ ನಮ್ಮ ತಲೆ ತಿರುಗಬೇಕು. ತಿನ್ನುವ ದ್ರಾಕ್ಷಿಯಲ್ಲಿ ಎಕರೆಗೆ 10 ಟನ್ ಬಂದರೆ ಖುಷಿ. ಬೋರ್ಡೋದ ಒಳ್ಳೆಯ ತೋಟಗಳಲ್ಲಿ ಎಕರೆಗೆ ಸುಮಾರು 2.5ರಿಂದ 3 ಟನ್ ಅಷ್ಟೇ. ಅದಕ್ಕಿಂತ ಬಹಳ ಹೆಚ್ಚಾಗದಂತೆ ಕಾನೂನೇ ಮಿತಿ ಹಾಕಿದೆ. ಗೊನೆ ಕಮ್ಮಿ ಇದ್ದರೆ ಬಣ್ಣ, ಸಾರ ಗಟ್ಟಿ.

4. ಸಕ್ಕರೆ: ತಿನ್ನುವ ದ್ರಾಕ್ಷಿ 16-18 ಬ್ರಿಕ್ಸ್‌ಗೆ ಕೊಯ್ಯುತ್ತೇವೆ. ಕೆಂಪು ವೈನಿಗೆ 22-24 ಬೇಕು. ಸಕ್ಕರೆಯ ಜೊತೆಗೆ ಹುಳಿ, ಸಿಪ್ಪೆಯ ಬಣ್ಣ, ಬೀಜದ ಬಲಿತವನ್ನೂ ನೋಡುತ್ತಾರೆ.

5. ಔಷಧ: ಸಾವಯವದವರಿಗೂ ಬೋರ್ಡೋ ದ್ರಾವಣ ಮಿತಿಯಲ್ಲಿ ಒಪ್ಪಿಗೆಯಿದೆ. ಆದರೆ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ, ಎರೆಹುಳುವಿಗೆ ಕೇಡು. ಹೊಡೆದದ್ದನ್ನು ತಾರೀಖು ಸಮೇತ ಬರೆದಿಡಿ.

ಈಗ ಅಸಲು ಮಾತು

ನಮ್ಮ ಮಾವ ಮೂರು ಎಕರೆ ದಾಳಿಂಬೆ ಹಚ್ಚಿದ್ದರು. ಎಲ್ಲಾ ಭಗ್ವಾ, ಒಂದೇ ತಳಿ, ಒಂದೇ ದಿನ ಚಾಟ್ನಿ. ಒಂದು ಮಳೆಗಾಲ ದುಂಡಾಣು ಅಂಗಮಾರಿ ಹೊಕ್ಕಿತು. ಎರಡು ವಾರದಲ್ಲಿ ಕಾಯಿಗಳೆಲ್ಲ ಕಪ್ಪು ಚುಕ್ಕೆಯಾಗಿ ಸೀಳಿದವು. ಗಿಡ ಕಿತ್ತು ಬದುವಿನ ಮೇಲೆ ಒಟ್ಟಿದ ದಿನ ಮಾವ ಊಟ ಮಾಡಲಿಲ್ಲ. ತೋಟಗಾರಿಕೆ ಪದವಿ ಮುಗಿಸಿ ಬಂದಿದ್ದ ನಾನೇ ಅವರಿಗೆ ಅದನ್ನು ಹಚ್ಚಿರಿ ಅಂದಿದ್ದೆ. ಆ ಸಾಲ ತೀರಲು ಐದು ವರ್ಷ ಹಿಡಿಯಿತು.

ವೈನ್ ದ್ರಾಕ್ಷಿಯಲ್ಲಿ ಈ ಅಪಾಯದ ಮೇಲೆ ಇನ್ನೊಂದಿದೆ: ಕೊಳ್ಳುವವನೂ ಒಬ್ಬನೇ. ಸಣ್ಣ ಕಾಳು, ದಪ್ಪ ಸಿಪ್ಪೆ, ಒಳಗೆ ಬೀಜ. ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ, ಮನೂಕವೂ ಆಗುವುದಿಲ್ಲ. 2009ರ ಸುಮಾರಿಗೆ ಮಹಾರಾಷ್ಟ್ರದ ನಾಸಿಕ್ ಭಾಗದಲ್ಲಿ ವೈನರಿಗಳು ಖರೀದಿ ಇಳಿಸಿದಾಗ ಎಷ್ಟೋ ರೈತರು ಬಳ್ಳಿ ಕಿತ್ತುಹಾಕಿದ್ದು ಇದೇ ಕಾರಣಕ್ಕೆ.

ಕೃಷ್ಮಾದಂಥ ತೋಟಕ್ಕೂ ನಮಗೂ ಇರುವ ಫರಕು ಇಲ್ಲೇ. ಅವರ ಹಣ್ಣಿಗೆ ಅವರೇ ಗಿರಾಕಿ. ನಾವು ನಾಲ್ಕು ತಳಿ ಹಚ್ಚಿದರೂ ಗಿರಾಕಿ ಒಬ್ಬನೇ ಆದರೆ ಅದು ಅಕ್ಕಡಿ ಅಲ್ಲ. ಬೋರ್ಡೋದವರು ತಳಿಯಲ್ಲಿ ಅಕ್ಕಡಿ ಮಾಡಿದರು. ನಾವು ಬೆಳೆಯಲ್ಲಿ ಮತ್ತು ಮಾರುಕಟ್ಟೆಯಲ್ಲಿ ಮಾಡಬೇಕು.

ಹಚ್ಚುವ ಮುನ್ನ ಐದು ಪ್ರಶ್ನೆ

- ಕೊಳ್ಳುವವರು ಯಾರು? ಬರಹದಲ್ಲಿ ಒಪ್ಪಂದ ಇದೆಯೇ, ಎಷ್ಟು ವರ್ಷಕ್ಕೆ?
- ದರ ಯಾವ ಬ್ರಿಕ್ಸ್‌ಗೆ? ಕಮ್ಮಿ ಬಂದರೆ ಎಷ್ಟು ಕಡಿತ? ಅಳೆಯುವವರು ಯಾರು?
- ಅವರು ಕೊಳ್ಳದಿದ್ದರೆ ಹಣ್ಣು ಎಲ್ಲಿಗೆ?
- ಮೊದಲ ಫಸಲು ಬರುವ ತನಕ ಮನೆ ಖರ್ಚು ಯಾವುದರಿಂದ?
- ಬೋರ್‌ವೆಲ್ ಏಪ್ರಿಲ್-ಮೇನಲ್ಲೂ ಹನಿ ನೀರಾವರಿಗೆ ನೀರು ಕೊಡುತ್ತದೆಯೇ?

ಐದಕ್ಕೂ ಉತ್ತರ ಇದ್ದರೆ, ನಾಲ್ಕು ಎಕರೆಯಲ್ಲಿ ಅರ್ಧ ಎಕರೆಯಿಂದ ಶುರು ಮಾಡಿ. ಉಳಿದದ್ದರಲ್ಲಿ ಶೇಂಗಾ, ತೊಗರಿ, ಒಂದಿಷ್ಟು ಪೇರಲ, ಮನೆಗೆ ಎರಡು ಎಮ್ಮೆ ಇರಲಿ. ಒಂದಕ್ಕೂ ಉತ್ತರ ಸಿಗದಿದ್ದರೆ ಈ ವರ್ಷ ತಡೀರಿ. ತಡೆದದ್ದಕ್ಕೆ ಯಾರಿಗೂ ಬಡ್ಡಿ ಕಟ್ಟಬೇಕಿಲ್ಲ.

ಕುಷ್ಟಗಿಯ ತಮ್ಮ ನಿನ್ನೆ ಮತ್ತೆ ಮೆಸೇಜ್ ಮಾಡಿದ್ದ: "ಅಣ್ಣಾ, ಮೊದಲನೇ ಪ್ರಶ್ನೆಗೇ ಸಿಕ್ಕಿಬಿದ್ದೆ." ಅದೇ ಒಳ್ಳೆಯದಾಯ್ತು ಅಂದೆ. ಕಾಗದದ ಮೇಲೆ ಸಿಕ್ಕಿಬಿದ್ದರೆ ಪರವಾಗಿಲ್ಲ, ಹೊಲದಲ್ಲಿ ಸಿಕ್ಕಿಬೀಳಬಾರದು.

ಮುಂದಿನ ವಾರ: ಬೋರ್ಡೋ ದ್ರಾವಣ ಮಾಡುವಾಗ ನಾವು ಮಾಡುವ ತಪ್ಪುಗಳು. ನಿಮ್ಮ ಹೊಲದ ಅನುಭವ ಇದ್ದರೆ ಬರೆದು ಕಳಿಸಿ.