ಕತೆಗೆ ಚಿತ್ರ ಬರೆದ ಶಂಕರ್

ಮಕ್ಕಳು ಇದ್ದಿಲು ಹಿಡಿದು ಗೋಡೆ ಮೇಲೆ ಆನೆ ಬರೆಯುತ್ತಾರೆ. ಲೆಕ್ಕದ ಪುಸ್ತಕದ ಹಿಂದೆ ಹುಲಿ ಬರೆಯುತ್ತಾರೆ. "ಗೀಚಿ ಗೀಚಿ ಹಾಳು ಮಾಡ್ತೀಯಲ್ಲ, ಇದು ಹೊಟ್ಟೆಗೆ ಹಿಟ್ಟು ಕೊಡ್ತದಾ?" ಅಂತ ನಾವು ಗದರಿಸುತ್ತೇವೆ.

ಚಿತ್ರ ಹಿಟ್ಟು ಕೊಡುತ್ತದೆಯೇ? ಒಬ್ಬರ ಬಾಳು ನೋಡೋಣ ಬನ್ನಿ.

ಅವರ ಹೆಸರು ಶಂಕರ್. ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. ಅವರು 1924ರಲ್ಲಿ ಹುಟ್ಟಿದರು. ಊರು ಕೊಯಮತ್ತೂರು ಜಿಲ್ಲೆಯ ಒಂದು ಹಳ್ಳಿ. ಆಗ ನಮ್ಮ ಕೊಳ್ಳೇಗಾಲ, ಹನೂರು ಸಹ ಅದೇ ಜಿಲ್ಲೆಯಲ್ಲಿದ್ದವು. ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲಿತ್ತು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು.

ಶಂಕರ್ ಚಿಕ್ಕವರಿದ್ದಾಗಲೇ ಮದರಾಸಿಗೆ, ಅಂದರೆ ಈಗಿನ ಚೆನ್ನೈಗೆ ಹೋದರು. ಶಾಲೆಯಲ್ಲಿ ಚಿತ್ರ ಕಲಿಸುವ ಮೇಷ್ಟ್ರು ಅವರ ಕೈಗುಣ ಕಂಡರು. ಚಿತ್ರಕಲಾ ಶಾಲೆಗೇ ಸೇರು ಅಂತ ಬುದ್ಧಿ ಹೇಳಿದರು. ಶಂಕರ್ ಸೇರಿದರು, ಕಲಿತರು.

1952ರಲ್ಲಿ ಅವರು 'ಚಂದಮಾಮ'ದಲ್ಲಿ ಸಂಬಳದ ಕೆಲಸಕ್ಕೆ ಸೇರಿದರು. ಚಂದಮಾಮ ಮಕ್ಕಳ ಕತೆಗಳ ತಿಂಗಳ ಪತ್ರಿಕೆ. 1949ರಿಂದ ಕನ್ನಡದಲ್ಲೂ ಬರುತ್ತಿತ್ತು. ಈಗ ನಿಂತುಹೋಗಿದೆ. ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರೂ ಅದಕ್ಕೆ ಚಿತ್ರ ಬರೆದರು.

ಬೇತಾಳನ ಕತೆ ನಿಮಗೆ ಗೊತ್ತಲ್ಲ? ಅದಕ್ಕೆ ಶಂಕರ್ ಬರೆದ ಚಿತ್ರ ದೇಶಕ್ಕೆಲ್ಲ ಗೊತ್ತು. ರಾತ್ರಿ ಹೊತ್ತು, ಸುಡುಗಾಡು. ವಿಕ್ರಮ ರಾಜನ ಕೈಯಲ್ಲಿ ಕತ್ತಿ. ಹೆಗಲ ಮೇಲೆ ಹೆಣ. ಹೆಣದೊಳಗೆ ಬೇತಾಳ. ಓದಲು ಬಾರದ ಮಗುವೂ ಚಿತ್ರ ನೋಡಿಯೇ ಹೆದರುತ್ತಿತ್ತು. ಆಮೇಲೆ ಏನಾಯ್ತು ಅಂತ ಕೇಳುತ್ತಿತ್ತು.

ಸುಮಾರು 60 ವರ್ಷ ಅವರು ಚಂದಮಾಮಕ್ಕೆ ಚಿತ್ರ ಬರೆದರು. ಅದೇ ಅವರ ಕಸುಬಾಯಿತು. 2020ರಲ್ಲಿ ತೀರಿಕೊಂಡರು. 2021ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು.

ಚಿತ್ರ ಬರೆಯುವವರಿಗೆ ಮೊದಲು ಕತೆ ಬೇಕು. ನಮ್ಮ ಸೀಮೆಯಲ್ಲಿ ಕತೆಗೇನು ಬರ? ಹುಲಿ ಏರಿ ಬಂದ ಮಾದಪ್ಪನ ಕತೆಯಿದೆ. ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಕತೆಯಿದೆ. ಬಿಳಿಗಿರಿರಂಗ ಸೋಲಿಗರ ಕುಸುಮಾಲೆಯನ್ನು ಮೆಚ್ಚಿದ ಕತೆಯಿದೆ. ಕಂಸಾಳೆಯವರು ಹಾಡುತ್ತಾರೆ, ನೀಲಗಾರರು ಹಾಡುತ್ತಾರೆ. ನೀವೂ ಹೇಳುತ್ತೀರಿ. ಮಗು ಕೇಳಿದರೆ ತಾನೇ ಬರೆಯುವುದು?

ಗೀಚುವ ಮಕ್ಕಳೆಲ್ಲ ಶಂಕರ್ ಆಗುವುದಿಲ್ಲ, ನಿಜ. ಪಾಠವೂ ಬೇಕು. ಆದರೆ ಮಗನಾಗಲಿ ಮಗಳಾಗಲಿ, ಕೈಗುಣ ಇದ್ದರೆ ಮೇಷ್ಟ್ರ ಹತ್ತಿರ ಮಾತಾಡಿ. ಮೈಸೂರಿನಲ್ಲಿ ಚಿತ್ರ ಕಲಿಸುವ ಸರ್ಕಾರಿ ಕಾಲೇಜು ಇದೆ. ಅದನ್ನು 'ಕಾವಾ' ಅಂತ ಕರೆಯುತ್ತಾರೆ.

ನಿಮಗೆ ಈಗ ಅಕ್ಷರ ಬಂದಿದೆ. ಇವತ್ತು ರಾತ್ರಿ ಮಗುವಿಗೆ ಒಂದು ಕತೆ ಹೇಳಿ. ಮಗು ಚಿತ್ರ ಬರೆಯಲಿ. ಅದರ ಕೆಳಗೆ ಕತೆಯ ಒಂದು ಸಾಲು ನೀವೇ ಬರೆಯಿರಿ. ಹತ್ತು ಹಾಳೆ ಸೇರಿಸಿ ಹೊಲಿದರೆ ಅದೇ ಒಂದು ಪುಸ್ತಕ.

ಉತ್ತರ ಹೇಳಿ:

1. ಶಂಕರ್ ಹುಟ್ಟಿದಾಗ ಕೊಳ್ಳೇಗಾಲ ಯಾವ ಜಿಲ್ಲೆಯಲ್ಲಿತ್ತು?

2. ಅವರ ಕೈಗುಣವನ್ನು ಮೊದಲು ಕಂಡವರು ಯಾರು?

3. ನಿಮ್ಮ ಅಜ್ಜಿ ಹೇಳಿದ ಒಂದು ಕತೆಯನ್ನು ಐದು ಸಾಲಿನಲ್ಲಿ ಬರೆಯಿರಿ.