ಮನೆಯ ಓರಣ, ಮೈಯ ಆರೋಗ್ಯ

ಮನೆಯನ್ನು ಓರಣವಾಗಿಡುವುದೆಂದರೆ ಬಂದವರ ಕಣ್ಣಿಗೆ ಚೆಂದವಾಗಿ ಕಾಣುವಂತೆ ಅಲಂಕರಿಸುವುದೆಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಇದೆ. ಆದರೆ ಅಲಂಕಾರವೇ ಬೇರೆ, ಓರಣವೇ ಬೇರೆ. ಗೋಡೆಯ ಮೇಲಿನ ಚಿತ್ರಪಟ, ಗಾಜಿನ ಕಪಾಟಿನ ಗೊಂಬೆ ಇವು ಅಲಂಕಾರ. ಕುಡಿಯುವ ನೀರಿಗೆ ಮುಚ್ಚಳ, ಔಷಧಕ್ಕೆ ಎತ್ತರದ ಗೂಡು, ಇರುಳಿನಲ್ಲಿ ಎದ್ದವರು ಎಡವದಂತಹ ದಾರಿ ಇವು ಓರಣ. ಮೊದಲನೆಯದಿಲ್ಲದಿದ್ದರೂ ಸಂಸಾರ ಸಾಗುತ್ತದೆ. ಎರಡನೆಯದು ತಪ್ಪಿದರೆ ವೈದ್ಯರ ಬಾಗಿಲನ್ನು ತಟ್ಟಬೇಕಾಗುತ್ತದೆ. ಆದುದರಿಂದ ಈ ವಿಷಯವನ್ನು ಆರೋಗ್ಯದ ದೃಷ್ಟಿಯಿಂದಲೇ ವಿಚಾರಿಸುವುದು ಉಚಿತ.

ಊರಿನ ಮನೆ, ನಗರದ ಮನೆ

ನಮ್ಮ ಊರಿನ ಮನೆಗಳಲ್ಲಿ ಓರಣವು ಬಹುಮಟ್ಟಿಗೆ ಮನೆಯ ಕಟ್ಟಡದಲ್ಲಿಯೇ ಅಡಗಿತ್ತು. ಕಾಲು ತೊಳೆಯಲು ಅಂಗಳ, ಚಪ್ಪಲಿಗೆ ಜಗಲಿಯ ಕೆಳಭಾಗ, ಕಾಳಿಗೆ ಕಣಜ, ಒಡಕು ಪಾತ್ರೆಗೆ ಅಟ್ಟ, ಒದ್ದೆ ಬಟ್ಟೆಗೆ ಹಿತ್ತಿಲು. ಹೀಗೆ ಒಂದೊಂದು ವಸ್ತುವಿಗೂ ಹಿರಿಯರು ಒಂದೊಂದು ಎಡೆಯನ್ನು ಗೊತ್ತುಮಾಡಿದ್ದರು. ಮುಂಬಯಿಯ ಒಂದೆರಡು ಕೋಣೆಗಳ ವಸತಿಯಲ್ಲಾಗಲಿ, ಪುಣೆ, ಚೆನ್ನೈ, ದೆಹಲಿಗಳ ಬಹುಮಹಡಿ ಕಟ್ಟಡಗಳಲ್ಲಾಗಲಿ ಈ ಅನುಕೂಲವಿಲ್ಲ. ಊಟ, ಓದು, ನಿದ್ರೆ, ಬಂದವರ ಸತ್ಕಾರ ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯಬೇಕು. ಊರಿನಲ್ಲಿ ಕಟ್ಟಡವು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಮ್ಮ ಅಭ್ಯಾಸವೇ ಮಾಡಬೇಕಾಗಿದೆ.

ಇಕ್ಕಟ್ಟಿನ ವಸತಿಯೂ ಅಶುಚಿಯೂ ಕೂಡಿದರೆ ಏನಾಗುವುದೆಂಬುದಕ್ಕೆ ಚರಿತ್ರೆಯ ಸಾಕ್ಷ್ಯವಿದೆ. 1896ರಲ್ಲಿ ಮುಂಬಯಿಯ ಮಾಂಡವಿ ಪ್ರದೇಶದಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಕಾಳನ್ನು ಹುಡುಕಿಕೊಂಡು ಬರುವ ಇಲಿ, ಇಲಿಯ ಮೈಮೇಲಿನ ಚಿಗಟ, ಚಿಗಟ ಕಚ್ಚಿದ ಮನುಷ್ಯ ಎಂಬುದು ಆ ರೋಗದ ಸರಪಣಿ. ಆ ವಿಪತ್ತಿನ ಬಳಿಕ ಬೆಂಗಳೂರಿನಲ್ಲಿ ಗಾಳಿಬೆಳಕುಗಳುಳ್ಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಮುಂಬಯಿಯಲ್ಲಿ ನಗರ ಸುಧಾರಣೆಯ ಮಂಡಳಿಯು 1898ರಲ್ಲಿ ಸ್ಥಾಪನೆಯಾಯಿತು. ಸರ್ಕಾರವು ಬೀದಿಯನ್ನು ಸುಧಾರಿಸಬಲ್ಲುದು. ಕಾಳಿನ ಡಬ್ಬಿಗೆ ಮುಚ್ಚಳ ಹಾಕುವ ಕೆಲಸ ಮಾತ್ರ ನಮ್ಮದೇ.

ಚಿಕ್ಕ ಅಭ್ಯಾಸಗಳ ಬಲ

ಬೆಳಗಿನ ಡಬ್ಬಿ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ರೈಲನ್ನೋ ಬಸ್ಸನ್ನೋ ಹಿಡಿದು ಕೆಲಸಕ್ಕೆ ಹೋಗಿ, ಸಂಜೆ ದಣಿದು ಹಿಂತಿರುಗುವ ಕುಟುಂಬಕ್ಕೆ ‘ಮನೆಯನ್ನು ಅಚ್ಚುಕಟ್ಟಾಗಿಡಿ’ ಎಂಬ ಉಪದೇಶವು ಹೊರೆಯಾಗಿ ತೋರುವುದು ಸಹಜ. ಆದುದರಿಂದಲೇ ಅನೇಕರು ಭಾನುವಾರಕ್ಕಾಗಿ ಕಾಯುತ್ತಾರೆ. ಆ ದಿನ ಮನೆಯನ್ನೆಲ್ಲ ತಿರುವಿಹಾಕಿ ತೊಳೆದು ಬಳಲುತ್ತಾರೆ. ಬುಧವಾರದ ಹೊತ್ತಿಗೆ ಮನೆ ಮತ್ತೆ ಮೊದಲಿನಂತೆಯೇ ಆಗಿರುತ್ತದೆ. ಹನಿ ಹನಿಗೂಡಿ ಹಳ್ಳವಾಗುವ ಮಾತು ಕಸದ ವಿಷಯದಲ್ಲಿಯೂ ನಿಜವೇ. ದಿನವೂ ಸೇರುವುದನ್ನು ದಿನವೂ ತೆಗೆಯುವುದೇ ಸುಲಭದ ಮಾರ್ಗ.

ಹೊಸ ಅಭ್ಯಾಸವು ಮೈಗೂಡಲು ಎಷ್ಟು ಕಾಲ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕೆಲಸವು ಯೋಚನೆಯಿಲ್ಲದೆ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನಗಳು ಬೇಕಾದವು. ಸುಲಭವಾದ ಕೆಲಸಗಳು ಬೇಗ ರೂಢಿಯಾದವು, ಕಠಿಣವಾದವು ತಡವಾದವು. ನಡುವೆ ಒಂದು ದಿನ ತಪ್ಪಿದ ಮಾತ್ರಕ್ಕೆ ಅಭ್ಯಾಸವು ಕೆಡಲಿಲ್ಲವೆಂಬುದೂ ಅದರಲ್ಲಿ ಕಂಡುಬಂದ ಸಮಾಧಾನದ ಸಂಗತಿ.

ಇಲ್ಲಿ ಒಂದು ಉಪಾಯವುಂಟು. ಹೊಸ ಕೆಲಸವನ್ನು ಈಗಾಗಲೇ ತಪ್ಪದೆ ನಡೆಯುತ್ತಿರುವ ಕೆಲಸಕ್ಕೆ ಗಂಟುಹಾಕಬೇಕು. ಹಾಲು ಕಾಯುವವರೆಗೆ ಹಿಂದಿನ ರಾತ್ರಿ ತೊಳೆದ ಪಾತ್ರೆಗಳನ್ನು ಜೋಡಿಸುವುದು, ಕುಕ್ಕರು ಮೂರು ಬಾರಿ ಕೂಗುವಷ್ಟರಲ್ಲಿ ಅಡಿಗೆಯ ಕಟ್ಟೆಯನ್ನು ಒರೆಸುವುದು, ದೇವರ ದೀಪ ಹಚ್ಚುವ ಮೊದಲು ನಡುಮನೆಯಲ್ಲಿ ಚೆಲ್ಲಿದ ವಸ್ತುಗಳನ್ನು ಸ್ವಸ್ಥಾನ ಸೇರಿಸುವುದು, ಹೀಗೆ ಮಾಡಿದರೆ ಬೇರೆ ಹೊತ್ತನ್ನು ಹುಡುಕಬೇಕಾಗಿಲ್ಲ. ಗಡಿಯಾರವನ್ನು ಮರೆಯಬಹುದು, ಕುಕ್ಕರಿನ ಕೂಗನ್ನು ಮರೆಯಲಾಗದು.

ನೀರು ಮತ್ತು ಸೊಳ್ಳೆ

ಮಹಾನಗರಗಳ ಅನೇಕ ಭಾಗಗಳಲ್ಲಿ ನೀರು ಬರುವುದು ಗೊತ್ತಾದ ಹೊತ್ತಿನಲ್ಲಿ ಮಾತ್ರ. ಆದುದರಿಂದ ಪೀಪಾಯಿ, ಬಾಲ್ದಿ, ಕೊಡಗಳಲ್ಲಿ ನೀರನ್ನು ತುಂಬಿಡುವುದು ಅನಿವಾರ್ಯ. ಡೆಂಗೆ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಬೇಕಾಗಿರುವುದೂ ಇಂತಹ ನಿಂತ ತಿಳಿನೀರೇ. ಇದು ಹಗಲಿನಲ್ಲಿ ಕಚ್ಚುವ ಸೊಳ್ಳೆ. ಬೆಳಗಿನಲ್ಲಿಯೂ ಸಂಜೆಗೆ ಮುನ್ನವೂ ಇದರ ಕಾಟ ಹೆಚ್ಚು. ಹುಟ್ಟಿದ ಎಡೆಯಿಂದ ಸಾಮಾನ್ಯವಾಗಿ ಬಹುದೂರ ಹಾರುವುದೂ ಇಲ್ಲ. ಆದುದರಿಂದ ನಮ್ಮನ್ನು ಕಚ್ಚುವ ಸೊಳ್ಳೆ ಅನೇಕ ವೇಳೆ ನಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಹುಟ್ಟಿದ್ದೇ ಆಗಿರುತ್ತದೆ.

ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯು ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಸಾಕು. ವಾರಕ್ಕೊಮ್ಮೆ ಎಲ್ಲ ಪಾತ್ರೆಗಳನ್ನೂ ಬರಿದು ಮಾಡಿ ಒಣಗಿಸಬೇಕೆಂದು ಆರೋಗ್ಯ ಇಲಾಖೆಯವರು ಹೇಳುವುದು ಈ ಲೆಕ್ಕದಿಂದಲೇ. ಆದರೆ ನೀರನ್ನು ಚೆಲ್ಲಿದರೆ ಸಾಲದು. ಈಡಿಸ್ ಸೊಳ್ಳೆಯು ಮೊಟ್ಟೆಯನ್ನು ಪಾತ್ರೆಯ ಒಳಗೋಡೆಗೆ, ನೀರಿನ ಮಟ್ಟಕ್ಕೆ ತುಸು ಮೇಲೆ, ಅಂಟಿಸಿ ಇಡುತ್ತದೆ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಸಾಯದೆ ಇದ್ದು, ಮತ್ತೆ ನೀರು ತಾಗಿದೊಡನೆ ಒಡೆಯುತ್ತವೆ. ಆದುದರಿಂದ ಒಳಮೈಯನ್ನು ನಾರಿನಿಂದಲೋ ಬ್ರಷ್ಷಿನಿಂದಲೋ ಗಟ್ಟಿಯಾಗಿ ಉಜ್ಜಲೇಬೇಕು. ಹೂಕುಂಡದ ಕೆಳಗಿನ ತಟ್ಟೆ, ಶೀತಪೆಟ್ಟಿಗೆಯ ಹಿಂದಿನ ತಟ್ಟೆ, ಏರ್ ಕೂಲರು, ಕಿಟಕಿಯ ಹೊರಗೆ ಎಸೆದ ಒಡಕು ಡಬ್ಬಿ ಇವುಗಳನ್ನೂ ಮರೆಯಬಾರದು.

ಮಹಡಿಯ ಮೇಲಿನ ತೊಟ್ಟಿಯ ವಿಷಯವನ್ನು ಕಟ್ಟಡದವರೆಲ್ಲ ಸೇರಿ ನೋಡಿಕೊಳ್ಳಬೇಕು. ಮಲೇರಿಯದ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಅವರು ಮೊದಲು ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಇಂದು ನಮ್ಮ ನಗರಗಳಲ್ಲಿ ಆ ರೋಗವನ್ನು ಮುಖ್ಯವಾಗಿ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಗೆ ಮುಚ್ಚಳ ಸರಿಯಿಲ್ಲದ ತೊಟ್ಟಿಗಳೂ ಬಾವಿಗಳೂ ಪ್ರಿಯವಾದ ತಾಣಗಳು. ಕಟ್ಟಡದ ಸಭೆಯಲ್ಲಿ ಬಣ್ಣದ ಖರ್ಚಿನ ಚರ್ಚೆಗೆ ಮೊದಲು ತೊಟ್ಟಿಯ ಮುಚ್ಚಳದ ಮಾತು ಬರುವುದು ಒಳ್ಳೆಯದು.

ಅಡಿಗೆಯ ಮನೆ

ಅಡಿಗೆಯ ಮನೆಯ ಮೊದಲ ನಿಯಮವೆಂದರೆ ರಾತ್ರಿ ಮಲಗುವಾಗ ಪಾತ್ರೆ ತೊಳೆಯುವ ತೊಟ್ಟಿ ಬರಿದಾಗಿ ಒಣಗಿರಬೇಕು. ಜಿರಲೆಯು ಆಹಾರವಿಲ್ಲದೆ ಬದುಕುವಷ್ಟು ದಿನ ನೀರಿಲ್ಲದೆ ಬದುಕಲಾರದು. ಎಂಜಲು ಪಾತ್ರೆ, ಒದ್ದೆ ಕಟ್ಟೆ, ತೆರೆದ ಕಸದ ಬುಟ್ಟಿ ಇವು ಅದಕ್ಕೆ ಇರುಳಿನ ಔತಣ. ಜಿರಲೆಯ ಹಿಕ್ಕೆ ಮತ್ತು ಒಣಗಿದ ಮೈಚೂರುಗಳು ಧೂಳಿನಲ್ಲಿ ಬೆರೆತು ಮಕ್ಕಳಲ್ಲಿ ಉಬ್ಬಸವನ್ನು ಕೆರಳಿಸುತ್ತವೆ. ಪಾತ್ರೆ ಉಜ್ಜುವ ನಾರು ಮತ್ತು ಮಸಿಬಟ್ಟೆ ಸದಾ ಒದ್ದೆಯಾಗಿದ್ದರೆ ಅವೇ ರೋಗಾಣುಗಳ ತವರಾಗುತ್ತವೆ. ದಿನವೂ ಹಿಂಡಿ ಗಾಳಿಗೆ ಹರವಬೇಕು.

ಬೇಯಿಸಿದ ಅಡಿಗೆಯನ್ನು ಎರಡು ಗಂಟೆಗಳಿಗಿಂತ ಹೆಚ್ಚು ಕಾಲ ಹೊರಗೆ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಣ ಶಾಖದಲ್ಲಿ ರೋಗಾಣುಗಳು ವೇಗವಾಗಿ ವೃದ್ಧಿಯಾಗುತ್ತವೆ. ನಮ್ಮ ನಗರಗಳ ಹವೆ ವರ್ಷದ ಬಹುಭಾಗ ಈ ಮಿತಿಯೊಳಗೇ ಇರುತ್ತದೆ. ಅನ್ನದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ರೋಗಾಣುವಿನ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಅನ್ನವು ಬೆಚ್ಚಗೆ ಬಹಳ ಹೊತ್ತು ಉಳಿದರೆ ಅವು ಮೊಳೆತು ವಿಷವನ್ನು ಉಂಟುಮಾಡುತ್ತವೆ; ಆ ವಿಷವು ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಅಗಲವಾದ ಪಾತ್ರೆಯಲ್ಲಿ ಹರವಿ ಬೇಗ ಆರಿಸಿ ಶೀತಪೆಟ್ಟಿಗೆಯಲ್ಲಿ ಇಡುವುದೇ ಸರಿಯಾದ ಕ್ರಮ.

ಮಲಗುವ ಮುನ್ನ ಅನಿಲದ ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚುವುದು ಕ್ಷಣದ ಕೆಲಸ. ಅದರ ರಬ್ಬರು ನಳಿಗೆಯನ್ನು 5 ವರ್ಷಗಳಿಗೊಮ್ಮೆ ಬದಲಿಸಬೇಕು. ಬಿರುಕು ಕಂಡರೆ ಒಡನೆಯೇ. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮಟ್ಟದಲ್ಲಿ ಕೂಡಿಕೊಳ್ಳುತ್ತದೆ. ವಾಸನೆ ಬಂದರೆ ವಿದ್ಯುತ್ತಿನ ಯಾವ ಗುಂಡಿಯನ್ನೂ ಮುಟ್ಟದೆ, ಕಿಟಕಿ ಬಾಗಿಲುಗಳನ್ನು ತೆರೆದು, ಎಲ್ಲರೂ ಹೊರಬಂದ ಮೇಲೆ 1906 ಸಂಖ್ಯೆಗೆ ಕರೆಮಾಡಬೇಕು.

ನಡೆಯುವ ದಾರಿ, ಹಾಸಿಗೆ, ಬಟ್ಟೆ

ಊರಿನಿಂದ ಬಂದು ಮಕ್ಕಳ ಜೊತೆಯಲ್ಲಿರುವ ವೃದ್ಧ ತಂದೆತಾಯಿಗಳು ಅನೇಕ ಮನೆಗಳಲ್ಲಿದ್ದಾರೆ. ಅವರಿಗೆ ಅಂಗಳದ ವಿಸ್ತಾರದ ಅಭ್ಯಾಸ. ಇಲ್ಲಿ ಬಾಗಿಲಲ್ಲಿ ಚಪ್ಪಲಿಗಳ ರಾಶಿ, ನೆಲದ ಮೇಲೆ ವಿದ್ಯುತ್ ತಂತಿ, ಬಚ್ಚಲಿನಲ್ಲಿ ಸಾಬೂನಿನ ಜಾರು. ಮುಪ್ಪಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆದಾಡುವುದು ದುಸ್ತರ. ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯನ್ನು ದಿನವೂ ರಾತ್ರಿ ಒಮ್ಮೆ ನೋಡಿ ತೆರವು ಮಾಡಿ ಒಂದು ಮಂದದೀಪವನ್ನು ಉರಿಸುವುದು ನಾವು ಅವರಿಗೆ ಮಾಡಬಹುದಾದ ದೊಡ್ಡ ಸೇವೆ.

ಮಳೆಗಾಲದಲ್ಲಿ ಒದ್ದೆಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕುವುದರಿಂದ ಗೋಡೆ ತೇವಗೊಂಡು ಬೂಷ್ಟು ಹಿಡಿಯುತ್ತದೆ. ಉಬ್ಬಸದವರಿಗೆ ಇದು ಶತ್ರು. ಸಾಧ್ಯವಿದ್ದಷ್ಟು ಕಿಟಕಿಯ ಬಳಿ ಒಣಹಾಕಿ, ಬಿಸಿಲು ಕಂಡ ದಿನ ಹಾಸಿಗೆ ದಿಂಬುಗಳನ್ನು ಹೊರಗೆ ಹರವಬೇಕು. ಹೊಸ ಸೀರೆಯೋ ಅಂಗಿಯೋ ಮನೆಗೆ ಬಂದಾಗ ಹಳೆಯದೊಂದು ಹೊರಗೆ ಹೋಗಬೇಕೆಂಬ ನಿಯಮವಿಟ್ಟುಕೊಂಡರೆ ಕಪಾಟು ಎಂದಿಗೂ ತುಂಬಿ ತುಳುಕದು.

ಔಷಧ, ವಿಷ, ಕಾಗದಪತ್ರ

ಔಷಧಗಳನ್ನು ಬಚ್ಚಲಿನಲ್ಲಾಗಲಿ ಒಲೆಯ ಬಳಿಯಲ್ಲಾಗಲಿ ಇಡಬಾರದು. ತೇವ ಮತ್ತು ಕಾವು ಅವುಗಳ ಗುಣವನ್ನು ಕೆಡಿಸುತ್ತವೆ. ಮಕ್ಕಳ ಕೈಗೆಟುಕದ ಒಣ ಗೂಡೊಂದನ್ನು ಇದಕ್ಕಾಗಿ ಗೊತ್ತುಮಾಡಿ, ಮೂರು ತಿಂಗಳಿಗೊಮ್ಮೆ ಅವಧಿ ಮೀರಿದವನ್ನು ತೆಗೆಯಬೇಕು. ಸೀಮೆಎಣ್ಣೆ, ಫಿನೈಲು, ಆಸಿಡ್ಡುಗಳನ್ನು ತಂಪು ಪಾನೀಯದ ಖಾಲಿ ಬಾಟಲಿಗಳಲ್ಲಿ ಹಾಕಿಡುವ ರೂಢಿಯನ್ನು ಸಂಪೂರ್ಣವಾಗಿ ಬಿಡಬೇಕು. ಬಾಯಾರಿದ ಮಗುವಿಗೆ ಬಾಟಲಿಯ ಆಕಾರ ತಿಳಿಯುತ್ತದೆಯೇ ಹೊರತು ಒಳಗಿನ ವಿಷ ತಿಳಿಯದು. ಬ್ಲೀಚಿಂಗ್ ಪುಡಿಯನ್ನೂ ಆಸಿಡ್ಡನ್ನೂ ಎಂದಿಗೂ ಕೂಡಿಸಬಾರದು. ಕ್ಲೋರಿನ್ ಎಂಬ ವಿಷಾನಿಲವು ಹುಟ್ಟಿ ಇಕ್ಕಟ್ಟಾದ ಬಚ್ಚಲಿನಲ್ಲಿ ಪ್ರಾಣಕ್ಕೇ ಅಪಾಯ ತರಬಹುದು.

ಬಂಧುಬಳಗದಿಂದ ದೂರವಿರುವ ನಮಗೆ ನಡುರಾತ್ರಿಯ ಆಪತ್ತಿನಲ್ಲಿ ಕಾಗದಪತ್ರಗಳೇ ನೆಂಟರು. ಆಸ್ಪತ್ರೆಯ ಚೀಟಿಗಳು, ವಿಮೆಯ ಪತ್ರ, ಪ್ರತಿಯೊಬ್ಬರೂ ಸೇವಿಸುವ ಔಷಧಗಳ ಪಟ್ಟಿ ಇವೆಲ್ಲ ಒಂದೇ ಚೀಲದಲ್ಲಿದ್ದು, ಅದರ ಎಡೆ ಮನೆಯ ಎಲ್ಲರಿಗೂ ತಿಳಿದಿರಬೇಕು. ತುರ್ತು ಸಹಾಯದ 112, ವೈದ್ಯರು, ಹತ್ತಿರದ ನೆರೆಯವರು ಇವರ ದೂರವಾಣಿ ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಬಾಗಿಲಿನ ಒಳಭಾಗಕ್ಕೆ ಅಂಟಿಸಿದರೆ ಹಿರಿಯರಿಗೂ ಮಕ್ಕಳಿಗೂ ಧೈರ್ಯ.

ಇದು ಯಾರ ಕೆಲಸ?

ಇಷ್ಟನ್ನೂ ಓದಿದ ಗೃಹಿಣಿಯು ‘ಇದೆಲ್ಲವೂ ನನ್ನ ತಲೆಯ ಮೇಲೆಯೇ’ ಎಂದು ನಿಟ್ಟುಸಿರು ಬಿಟ್ಟರೆ ಆಶ್ಚರ್ಯವಿಲ್ಲ. ಕೇಂದ್ರ ಸರ್ಕಾರವು 2019ರಲ್ಲಿ ನಡೆಸಿದ ಕಾಲಬಳಕೆಯ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕಾಗಿ ವ್ಯಯಿಸುತ್ತಿದ್ದರು. ಗಂಡಸರು 97 ನಿಮಿಷಗಳನ್ನು. ಅದೂ ಮನೆಗೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ ಮಾತ್ರ, ಕೈಹಾಕದವರೇ ಹೆಚ್ಚು. ಓರಣದ ಹೊರೆಯನ್ನು ಒಬ್ಬರೇ ಹೊತ್ತರೆ ಮನೆಯು ಶುಚಿಯಾಗಬಹುದು, ಹೊತ್ತವರ ಆರೋಗ್ಯ ಕೆಡುತ್ತದೆ. ಅಂತಹ ಓರಣಕ್ಕೆ ಅರ್ಥವಿಲ್ಲ.

ಆದುದರಿಂದ ಕೆಲಸವನ್ನು ಹಂಚಬೇಕು. ಹಂಚುವಾಗ ‘ಸಹಾಯ’ ಎಂಬ ಮಾತನ್ನು ಬಿಡಬೇಕು. ತನ್ನ ಮನೆಯಲ್ಲಿ ತಾನು ಮಾಡುವುದು ಸಹಾಯವಲ್ಲ, ಪಾಲು. ಐದು ವರ್ಷದ ಮಗು ತನ್ನ ಚಪ್ಪಲಿಯನ್ನೂ ಆಟಿಕೆಯನ್ನೂ ಅವುಗಳ ಎಡೆಗೆ ಸೇರಿಸಬಲ್ಲದು. ಹತ್ತು ವರ್ಷದವರು, ಹುಡುಗನಾಗಲಿ ಹುಡುಗಿಯಾಗಲಿ, ತಮ್ಮ ಹಾಸಿಗೆಯನ್ನು ಮಡಿಸಿ ತಟ್ಟೆಯನ್ನು ತೊಳೆಯಬಲ್ಲರು. ನೀರಿನ ಪಾತ್ರೆಗಳನ್ನು ಉಜ್ಜುವುದು, ಅನಿಲದ ನಳಿಗೆಯನ್ನು ಪರೀಕ್ಷಿಸುವುದು, ಕಸವನ್ನು ಇಳಿಸುವುದು ಮನೆಯ ಯಜಮಾನರ ಪಾಲಿಗೆ ಬರಲಿ. ಹಿರಿಯರಿಗೆ ಕೂತು ಮಾಡುವ ಕಾಳು ಆರಿಸುವ, ಬಟ್ಟೆ ಮಡಿಸುವ ಕೆಲಸ ಇಷ್ಟವಾದರೆ ಕೊಡಬಹುದು.

ದಿನಚರಿಯ ಸಾರ

ದಿನವೂ: ರಾತ್ರಿ ಊಟವಾದ ಮೇಲೆ ಎಲ್ಲರೂ ಕೂಡಿ ಹತ್ತು ನಿಮಿಷ, ವಸ್ತುಗಳು ಸ್ವಸ್ಥಾನಕ್ಕೆ, ತೊಟ್ಟಿ ಒಣಗಿ, ಕಸ ಹೊರಗೆ, ರೆಗ್ಯುಲೇಟರು ಮುಚ್ಚಿ, ನಡೆಯುವ ದಾರಿ ತೆರವಾಗಿರಬೇಕು.

ವಾರಕ್ಕೊಮ್ಮೆ: ನೀರಿನ ಪಾತ್ರೆಗಳನ್ನು ಉಜ್ಜಿ ಒಣಗಿಸುವುದು, ಹಾಸಿಗೆಯ ಹೊದಿಕೆಗಳನ್ನು ಬದಲಿಸುವುದು, ಶೀತಪೆಟ್ಟಿಗೆಯಲ್ಲಿ ಉಳಿದದ್ದನ್ನು ನೋಡುವುದು.

ತಿಂಗಳಿಗೊಮ್ಮೆ: ಕಾಳಿನ ಡಬ್ಬಿಗಳು, ಹಳೆಯ ಪತ್ರಿಕೆಗಳು, ಒಲೆಯ ಹಿಂಭಾಗ ಮತ್ತು ಮಂಚದ ಕೆಳಭಾಗ.

ಮೂರು ತಿಂಗಳಿಗೊಮ್ಮೆ: ಔಷಧದ ಗೂಡು, ಕಾಗದಪತ್ರಗಳ ಚೀಲ.

ಮಳೆಗಾಲಕ್ಕೆ ಮುನ್ನ: ಮಹಡಿಯ ತೊಟ್ಟಿಯ ಮುಚ್ಚಳ, ಕಿಟಕಿಯ ಸಂದುಗಳು, ಸೋರುವ ಗೋಡೆ.

ಇವೆಲ್ಲವನ್ನೂ ಒಂದೇ ದಿನ ಆರಂಭಿಸುವ ಅವಶ್ಯಕತೆ ಇಲ್ಲ. ಈ ವಾರ ರಾತ್ರಿಯ ಹತ್ತು ನಿಮಿಷದಿಂದ ತೊಡಗಿ, ಅದು ಮೈಗೂಡಿದ ಮೇಲೆ ನೀರಿನ ಪಾತ್ರೆಗಳ ಸರದಿಯನ್ನು ಸೇರಿಸಬಹುದು. ಮನೆಯು ಎಷ್ಟು ಚಿಕ್ಕದಾದರೂ ಅದರಲ್ಲಿ ವಾಸಿಸುವವರು ಆರೋಗ್ಯದಿಂದಿದ್ದರೆ ಅದು ದೊಡ್ಡ ಮನೆಯೇ ಸರಿ. ಪರಸ್ಥಳದಲ್ಲಿ ನೆಲೆನಿಂತ ಕನ್ನಡಿಗರ ಪ್ರತಿಯೊಂದು ಮನೆಯಲ್ಲಿಯೂ ಅಂತಹ ನೆಮ್ಮದಿ ನೆಲೆಸಲಿ.