ಗಿಣ್ಣದ ಮೊದಲ ಪಾಲು ಕರುವಿಗೆ

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಹೊಸದಾಗಿ ಹಸು ಕಟ್ಟಿರುವ ತಮ್ಮಂದಿರೇ, ತಂಗಿಯರೇ, ನಿಮಗೊಂದು ಮಾತು. ಹುಲ್ಲು, ಹಿಂಡಿ, ಡೇರಿಯ ಲೆಕ್ಕವನ್ನು ನೀವು ಬೇಗ ಕಲಿಯುತ್ತೀರಿ. ಕರು ಹುಟ್ಟಿದ ಮೊದಲ ದಿನವನ್ನು ಮಾತ್ರ ಹಗುರವಾಗಿ ಕಾಣಬೇಡಿ.

ಹಸು ಕರು ಹಾಕಿದ ಕೂಡಲೇ ಕರುವನ್ನು ಆಚೆ ಕಟ್ಟಬೇಡಿ. ತಾಯಿ ನೆಕ್ಕಲಿ. ಅದರ ಒರಟು ನಾಲಿಗೆ ಆಡಿದಂತೆಲ್ಲ ಕರುವಿನ ಮೈ ಒಣಗುತ್ತದೆ, ರಕ್ತ ಓಡಾಡುತ್ತದೆ, ಎದ್ದು ನಿಲ್ಲುವ ಹುರುಪು ಬರುತ್ತದೆ. ನಮ್ಮ ಜಡಿಮಳೆಯ ಥಂಡಿಯಲ್ಲಂತೂ ಇದು ಬೇಕೇ ಬೇಕು. ಅಡಿಗೆ ಒಣ ದರಕು ಹಾಸಿಕೊಡಿ.

ನೆರೆಮನೆಗೆ ಗಿಣ್ಣ ಹಂಚುವುದು ಒಳ್ಳೆಯ ಪದ್ಧತಿಯೇ. ಆದರೆ ಮೊದಲ ಪಾಲು ಕರುವಿನದು. ಕರು ಗರ್ಭದಲ್ಲಿದ್ದಾಗ ತಾಯಿಯ ರೋಗನಿರೋಧಕ ಶಕ್ತಿ ಅದಕ್ಕೆ ದಾಟುವುದಿಲ್ಲ, ಗಿಣ್ಣದ ಹಾಲಿನಲ್ಲೇ ಬರಬೇಕು. ಅದನ್ನು ಹೀರಿಕೊಳ್ಳುವ ಗುಣ ಕರುಳಿಗೆ ಇರುವುದು ಹೆಚ್ಚೆಂದರೆ 24 ಗಂಟೆ. ಆದ್ದರಿಂದ ಎರಡು ಗಂಟೆಯೊಳಗೆ ಕರು ಮೊಲೆಗೆ ಬಾಯಿ ಹಾಕಲಿ. 20 ಕಿಲೊ ತೂಗುವ ಕರುವಿಗೆ ಮೊದಲ ದಿನ 2 ಲೀಟರ್ ಆದರೂ ಬೇಕು.

ಹೊಟ್ಟೆ ತುಂಬಿದರಷ್ಟೇ ಸಾಲದು. ಬಕೆಟ್ಟಿನಲ್ಲಿ ಹಾಲು ಕುಡಿದ ಕರು ಪಕ್ಕದ ಕರುವಿನ ಕಿವಿ, ಹೊಕ್ಕುಳು ಚೀಪುವುದನ್ನು ನೋಡಿದ್ದೀರಲ್ಲ? ಹಸಿವು ಹೋಗಿದೆ, ಚೀಪುವ ಆಸೆ ತೀರಿಲ್ಲ. ತಾಯಿಯ ಮೈಯ ಆಸರೆಯ ಆಸೆಯೂ ಹಾಗೆಯೇ. 1950ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಹ್ಯಾರಿ ಹಾರ್ಲೋ ಮಂಗನ ಮರಿಗಳನ್ನು ತಾಯಿಯಿಂದ ಅಗಲಿಸಿ ಬೆಳೆಸಿದರು. ತಾಯಿಯ ಬದಲಿಗೆ ಇಟ್ಟ ಗೊಂಬೆಗಳಲ್ಲಿ ಹಾಲು ಕೊಡುವ ತಂತಿಯ ಗೊಂಬೆಯನ್ನು ಬಿಟ್ಟು ಮೆತ್ತನೆಯ ಬಟ್ಟೆಯ ಗೊಂಬೆಯನ್ನೇ ಅವು ಅಪ್ಪಿಕೊಂಡವು. ಒಂಟಿಯಾಗಿ ಬೆಳೆದವು ಮುಂದೆ ಗುಂಪಿನಲ್ಲಿ ಬೆರೆಯಲಾರದೆ ಹೋದವು. ಎಷ್ಟೋ ಹೆಣ್ಣು ಮಂಗಗಳು ತಾವು ಹೆತ್ತ ಮರಿಯನ್ನೇ ಹತ್ತಿರ ಸೇರಿಸಲಿಲ್ಲ.

ನಮ್ಮ ಮಲೆನಾಡು ಗಿಡ್ಡ ತಳಿಯ ಹಸು ಸಾಮಾನ್ಯವಾಗಿ ಕರು ಬಿಡದೆ ತೊರೆ ಬಿಡುವುದಿಲ್ಲ. ಹಿರಿಯರು ಕರುವಿಗೆಂದು ಒಂದು ಮೊಲೆ ಬಿಟ್ಟೇ ಕರೆಯುತ್ತಿದ್ದರು. ಜೆರ್ಸಿ ಕಟ್ಟಿದವರೂ ಕರುವನ್ನು ಕೆಲವು ದಿನ ತಾಯಿಯ ಬಳಿ ಬಿಡಿ. ತಾಯಿ ಸತ್ತರೆ ಬೇರೆ ಹಸುವಿನ ಗಿಣ್ಣ ಕುಡಿಸಿ, ಒಣ ಗೋಣಿಯಿಂದ ಮೈ ಉಜ್ಜಿ, ಇನ್ನೊಂದು ಕರುವಿನ ಜೊತೆ ಬಿಡಿ.

ನಾಯಿಮರಿ ತರುವವರಿಗೂ ಇದೇ ಮಾತು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮವೇ ಇದೆ. ಈಗಷ್ಟೇ ಕಣ್ಣು ಬಿಟ್ಟ ಮರಿಯನ್ನು ಮುದ್ದಾಗಿದೆಯೆಂದು ಎತ್ತಿಕೊಂಡು ಬರಬೇಡಿ.

ಕಟ್ಟಿ ಸಾಕುವ ಪ್ರಾಣಿಗೆ ತನ್ನ ತಾಯಿಯನ್ನು ಹುಡುಕಿಕೊಂಡು ಹೋಗುವ ದಾರಿಯಿಲ್ಲ. ಹಗ್ಗ ನಮ್ಮ ಕೈಯಲ್ಲಿದೆ, ಹೊಣೆಯೂ ನಮ್ಮದೇ.